ಆರನೇ ಕಂತಿನಲ್ಲಿ ಅಪ್ಪ

"ನೀವು... ಲೊರೇನ್ ಅಲ್ವಾ?"

ಕೋಟು ಕಳಚಿಟ್ಟು ಕೂತಿದ್ದ ಲೊರೇನ್ ತಿರುಗಿ ನೋಡಿದಳು. ತೆಳ್ಳಗಿನ, ಎತ್ತರದ ಮನುಷ್ಯ. ಐವತ್ತು ದಾಟಿ ಒಂದೆರಡು ವರ್ಷವಾಗಿರಬಹುದು. ಕೈಯಲ್ಲಿದ್ದ ಡಿವಿಡಿಯನ್ನು ಮೊಟ್ಟೆಯ ಹಾಗೆ ಹುಷಾರಾಗಿ ಹಿಡಿದಿದ್ದ.

ಎರಡು ವರ್ಷ ಇಮೇಲಿನ ಕೊನೆಯಲ್ಲಿ ಮಾತ್ರ ಕಂಡಿದ್ದ ಹೆಸರಿಗೆ ಇವತ್ತು ಮುಖ ಬಂದಿತ್ತು. ನೆವಿಲ್ ಸಗ್ಡನ್.

"ಹ್ಯಾಲಿಫ್ಯಾಕ್ಸ್ ರೈಲು ನಲವತ್ತು ನಿಮಿಷ ತಡ ಮಾಡಿಬಿಡ್ತು. ನೀವು ಎದ್ದು ಹೋಗಿರ್ತೀರಿ ಅಂದ್ಕೊಂಡೆ."

"ನಲವತ್ತು ವರ್ಷ ಕಾದವಳಿಗೆ ನಲವತ್ತು ನಿಮಿಷ ಏನು ಮಹಾ."

ಅವನು ನಕ್ಕ. ಅವಳ ಎದೆಯಲ್ಲಿ ಏನೋ ಮೆತ್ತಗೆ ಸರಿದಂತಾಯಿತು. ನಲವತ್ತೊಂಬತ್ತರಲ್ಲಿ ಹೀಗೂ ಆಗುತ್ತದೆಯೇ...

ಅದು ೨೦೦೭ರ ನವೆಂಬರ್, ಭಾನುವಾರದ ಮಧ್ಯಾಹ್ನ. ಇಂಗ್ಲೆಂಡಿನ ಬಂದರು ಪಟ್ಟಣ ಹಲ್‌ನ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ 'ಒಂಬತ್ತನೇ ಕಕ್ಷೆ' ಧಾರಾವಾಹಿಯ ಹದಿನಾಲ್ಕು ಜನ ಅಭಿಮಾನಿಗಳು ಸೇರಿದ್ದರು. ೧೯೬೭ರಲ್ಲಿ ಪ್ರತಿ ಶನಿವಾರ ಸಂಜೆ ಐದೂಕಾಲಿಗೆ ಟಿವಿಯಲ್ಲಿ ಬರುತ್ತಿದ್ದ, ಅಂತರಿಕ್ಷದ ಕಥೆ ಅದು. ಪ್ರಸಾರ ಮಾಡಿದವರು ಬೇರೆ ಕಾರ್ಯಕ್ರಮಕ್ಕೆ ಟೇಪು ಬೇಕೆಂದು ಆರನೇ ಕಂತನ್ನು ಅಳಿಸಿಬಿಟ್ಟಿದ್ದರು. ಆ ಸಂಗತಿಗೆ ಈ ಹದಿನಾಲ್ಕು ಜನ ಇವತ್ತಿಗೂ ಶಾಪ ಹಾಕುತ್ತಾರೆ.

ಚಿತ್ರ ಹೋಗಿತ್ತು. ಧ್ವನಿ ಮಾತ್ರ ಒಂದೇ ಮನೆಯಲ್ಲಿ ಉಳಿದಿತ್ತು. ಲೊರೇನಳ ಅಣ್ಣ ಕೀತ್ ಹದಿನಾಲ್ಕರ ವಯಸ್ಸಿನಲ್ಲಿ ಟಿವಿಯ ಮುಂದೆ ಮೈಕು ಹಿಡಿದು ಕೂತು ರೆಕಾರ್ಡ್ ಮಾಡಿದ್ದ. ಆ ಸುರುಳಿ ಟೇಪನ್ನೇ ಲೊರೇನ್ ಎರಡು ವರ್ಷದ ಹಿಂದೆ ಅಭಿಮಾನಿಗಳ ಕ್ಲಬ್ಬಿಗೆ ಕೊಟ್ಟದ್ದು. ಟೆಲಿಫೋನ್ ಇಲಾಖೆಯಲ್ಲಿ ದುಡಿದಿದ್ದ ನೆವಿಲ್, ಕ್ಲಬ್ಬು ತರಲಿದ್ದ ಡಿವಿಡಿಗಾಗಿ ಅದರ ಧ್ವನಿಯನ್ನು ಸಂಬಳವಿಲ್ಲದೆ ಶುದ್ಧ ಮಾಡಿದ್ದ.

ಅವಳು ಕಾಯುತ್ತಿದ್ದದ್ದು ಧಾರಾವಾಹಿಗಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಲೊರೇನಳ ಅಪ್ಪ ವಾಲ್ಟ್ ಟಾಸ್ಕರ್ ಮೀನು ಹಡಗಿನ ಆಳು. ಮೂರು ವಾರ ಐಸ್‌ಲ್ಯಾಂಡಿನ ಕಡಲು, ಮೂರು ದಿನ ಮನೆ. ರೆಕಾರ್ಡ್ ಮಾಡುವ ಯಂತ್ರ ತಂದುಕೊಟ್ಟದ್ದೂ ಅವನೇ. ಆರನೇ ಕಂತಿನ ಶನಿವಾರ ಅವನು ಮನೆಯಲ್ಲಿದ್ದ. ಮಾರನೆಯ ನಸುಕಿನಲ್ಲೇ, ಮಕ್ಕಳು ಏಳುವ ಮುಂಚೆ, ಕಡಲುಬ್ಬರ ನೋಡಿ ಹೊರಟ. ಮೀನುಗಾರರ ಕೇರಿ ಹೆಸಲ್ ರೋಡಿನ ಬೇರೆ ಹೆಂಗಸರಂತೆ ಅಮ್ಮನೂ ಕೈ ಬೀಸಲಿಲ್ಲ, ಹೋಗಿ ಬಾ ಎನ್ನಲಿಲ್ಲ. ಹಾಗೆ ಮಾಡಿದರೆ ಹೋದವರು ಬರುವುದಿಲ್ಲ. ಗಂಡಸು ಕಡಲಿಗೆ ಹೊರಟ ದಿನ ಮನೆಯಲ್ಲಿ ಬಟ್ಟೆ ಒಗೆಯುವುದೂ ಇಲ್ಲ. ಒಗೆದರೆ ಅಲೆ ಅವನನ್ನು ಒಗೆದುಕೊಂಡು ಹೋಗುತ್ತದೆ.

ಒಂಬತ್ತು ವರ್ಷದ ಲೊರೇನ್ ಆ ದಿನ ಹಿತ್ತಲ ನಲ್ಲಿಯಡಿ ತನ್ನ ಕಾಲುಚೀಲ ತೊಳೆದಿದ್ದಳು. ಸೋಮವಾರ ಶಾಲೆಗೆ ಬೇರೆ ಜೊತೆ ಇರಲಿಲ್ಲ.

ಹಡಗು ಬಂತು. ಅಪ್ಪ ಬರಲಿಲ್ಲ. ಹಡಗಿನ ಡೆಕ್ಕಿನ ಮೇಲೆ ನುಗ್ಗಿದ ಅಲೆ ಅವನೊಬ್ಬನನ್ನೇ ಎಳೆದುಕೊಂಡು ಹೋಗಿತ್ತು.

ಕಾಲುಚೀಲದ ಮಾತನ್ನು ಅವಳು ಅಮ್ಮನಿಗೂ ಹೇಳಲಿಲ್ಲ, ಅಣ್ಣನಿಗೂ ಹೇಳಲಿಲ್ಲ. ಇಬ್ಬರೂ ತೀರಿಕೊಂಡ ಮೇಲೆ ಹೇಳಲು ಯಾರೂ ಉಳಿಯಲಿಲ್ಲ.

ನಾಲ್ಕು ವರ್ಷದ ಹಿಂದೆ, ಕೀತ್ ಸಾಯುವ ಮುಂಚೆ ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಹೇಳಿದ್ದ: "ಆ ಟೇಪಿನಲ್ಲಿ ಅಪ್ಪ ಇದ್ದಾನೆ ಕಣೇ. ಮೀನುತಲೆಯ ರಾಕ್ಷಸ ಬರೋ ಹೊತ್ತಿಗೆ ಒಳಗೆ ಬಂದ. ನಾನು ಬಾಯಿ ಮುಚ್ಚು ಅಂದೆ. ಅಪ್ಪನ ಹತ್ರ ನಾನಾಡಿದ ಕೊನೇ ಮಾತು... ಅದು. ಆಮೇಲೆ ನಾನು ಅದನ್ನ ಕೇಳ್ಲೇ ಇಲ್ಲ."

ಅವಳ ಬಳಿ ಟೇಪು ಹಾಕುವ ಯಂತ್ರವಿರಲಿಲ್ಲ. ಇದ್ದಿದ್ದರೂ ಒಬ್ಬಳೇ ಕೂತು ಕೇಳುವ ಧೈರ್ಯವಿರಲಿಲ್ಲ. ನಾಲ್ಕು ಜನರ ನಡುವೆ, ಡಿವಿಡಿಯಲ್ಲಿ ಕೇಳೋಣ ಎಂದುಕೊಂಡಳು. ಕ್ಲಬ್ಬು ಟೇಪನ್ನು ಹಿಂದಿರುಗಿಸಿತು. ಈ ವರ್ಷ ಜೂನಿನಲ್ಲಿ ಊರಿಗೆ ನೆರೆ ಬಂದಾಗ ಅದು ಮೂರು ದಿನ ನೀರಿನಲ್ಲಿ ಕೂತು ಪದರ ಕಿತ್ತುಬಂದು ಹಾಳಾಯಿತು. ಆಗ ನೆವಿಲ್ ಬರೆದಿದ್ದ: 'ಚಿಂತಿಸಬೇಡಿ ಲೊರೇನ್. ಧ್ವನಿ ನನ್ನ ಹತ್ತಿರ ಭದ್ರವಾಗಿದೆ.'

ಆ ಒಂದು ಸಾಲನ್ನು ಹಿಡಿದುಕೊಂಡೇ ಅವಳು ಐದು ತಿಂಗಳು ಕಳೆದಿದ್ದಳು.

ಕೋಣೆಯ ದೀಪ ಆರಿತು. ಪರದೆಯ ಮೇಲೆ ಸ್ಥಿರಚಿತ್ರಗಳು ಒಂದೊಂದಾಗಿ ಬಂದವು, ಹಿಂದಿನಿಂದ ಧ್ವನಿ. ನೆವಿಲ್ ಅವಳ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಹನ್ನೆರಡನೇ ನಿಮಿಷಕ್ಕೆ ಮೀನುತಲೆಯ ರಾಕ್ಷಸ ಬಂದ.

ಲೊರೇನ್ ಮುಂದಕ್ಕೆ ಬಾಗಿದಳು. ಬಾ ಅಪ್ಪಾ...

ಗಾಳಿಯ ಸದ್ದು. ರಾಕ್ಷಸನ ಹೆಜ್ಜೆ. ಮತ್ತೆ ಗಾಳಿ. ಗಾಜಿನಷ್ಟು ನಿರ್ಮಲವಾದ ಗಾಳಿ.

"ಇಲ್ಲಿ ಒಬ್ಬರು ಮಾತಾಡ್ಬೇಕಿತ್ತು," ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ಎಲ್ಲಿ ಅವರು?"

"ಓ, ಆ ಗಂಡಸಾ?" ನೆವಿಲ್ ಹೆಮ್ಮೆಯಿಂದ ಪಿಸುಗುಟ್ಟಿದ. "ತೆಗೆದುಬಿಟ್ಟೆ. ಮೂರು ವಾರ ಹಿಡೀತು. ಒಂಚೂರೂ ಗೊತ್ತಾಗಲ್ಲ ನೋಡಿ."

"ಅವರು ನಮ್ಮಪ್ಪ."

ಅವಳು ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. ಎಲ್ಲರೂ ತಿರುಗಿ ನೋಡಿದರು. ಕೋಟನ್ನೂ ತೆಗೆದುಕೊಳ್ಳದೆ ಅವಳು ಮೆಟ್ಟಿಲಿಳಿದು ಹೋದಳು.

ನೆರೆಯ ನೀರು ಕುಡಿದ ಮನೆ ಇನ್ನೂ ಒಣಗಿರಲಿಲ್ಲ. ಗೋಡೆಯ ಗಾರೆ ಕಿತ್ತು ಬರೀ ಇಟ್ಟಿಗೆ ಕಾಣುತ್ತಿತ್ತು. ಬೀದಿಯ ಅರ್ಧ ಜನರ ಹಾಗೆ ಅವಳೂ ಮನೆಯಂಗಳದಲ್ಲಿ ನಿಲ್ಲಿಸಿದ ಕ್ಯಾರವಾನ್ ಎಂಬ ಗಾಲಿಮನೆಯಲ್ಲಿ ವಾಸವಿದ್ದಳು.

ಎರಡು ವಾರ ಅವಳು ಕೆಲಸಕ್ಕೆ ಹೋದಳು, ಬಂದಳು, ಮಲಗಿದಳು. ನೆವಿಲ್‌ನ ಹನ್ನೊಂದು ಇಮೇಲುಗಳನ್ನು ತೆರೆಯದೆಯೇ ಬಿಟ್ಟಳು.

ಅವನದೇನು ತಪ್ಪು? ಹೇಳಬೇಕಾದದ್ದನ್ನು ನಾನು ಹೇಳಲಿಲ್ಲ. ಒಮ್ಮೆ ಕಾಲುಚೀಲ ತೊಳೆದು ಕಳೆದುಕೊಂಡೆ. ಈಗ ನಾನೇ ಕೈಯಾರೆ ತೊಳೆಯಲು ಕೊಟ್ಟೆ... ಇನ್ನು ತೊಳೆಯುವುದಕ್ಕೂ ಅಪ್ಪ ಉಳಿದಿಲ್ಲ.

ಕ್ಲಬ್ಬಿನ ಪ್ಯಾಟ್ ಫೋನು ಮಾಡಿದಳು.

"ನಿನ್ನ ಕೋಟು ನನ್ನ ಹತ್ರ ಇದೆ ಕಣೇ. ಆ ನೆವಿಲ್ ಪಾಪ, ನೀನು ಹೋದಮೇಲೆ ಕಲ್ಲಾಗಿ ಕೂತಿದ್ದ. ನಮ್ಮವರೋ, ಅವನನ್ನ ಅಷ್ಟಕ್ಕೇ ಬಿಡಲಿಲ್ಲ. ಹತ್ತೊಂಬತ್ತನೇ ನಿಮಿಷದಲ್ಲಿ ಯಾವುದೋ ಹಂದಿ ಗುಟುರು ಹಾಕಿದ ಹಾಗೆ ಕೇಳುತ್ತಲ್ಲ ಸ್ವಾಮಿ, ಅದೇನದು ಅಂತ ಕಾಡಿಸಿದ್ರು."

"ನನಗೆ ಆ ಸುದ್ದಿ ಬೇಡ ಪ್ಯಾಟ್."

"ಆಯ್ತಮ್ಮಾ. ಊಟವಾದ್ರೂ ಮಾಡ್ತಿದ್ದೀಯಾ?"

ಅವಳು ಫೋನ್ ಇಟ್ಟಳು.

ಮುಂದಿನ ಶನಿವಾರ ಮಧ್ಯಾಹ್ನ ಯಾರೋ ಕ್ಯಾರವಾನಿನ ಬಾಗಿಲು ತಟ್ಟಿದರು. ನೆವಿಲ್. ತೋಳಿನ ಮೇಲೆ ಪ್ಯಾಟ್ ಕೊಟ್ಟು ಕಳಿಸಿದ ಅವಳ ಕೋಟು, ಕೈಯಲ್ಲಿ ಒಂದು ಹಳೆಯ ನೋಟ್‌ಬುಕ್ಕು.

"ಒಳಗೆ ಕರೀಬೇಡಿ," ಅಂದ. "ಹೇಳೋದನ್ನ ಇಲ್ಲೇ ನಿಂತು ಹೇಳಿ ಹೋಗ್ತೀನಿ."

"ಮೂಲ ಪ್ರತಿ ಇದೆಯಾ?" ಅವಳಿಗೆ ತಡೆಯಲಾಗಲಿಲ್ಲ. "ಶುದ್ಧ ಮಾಡೋಕೆ ಮುಂಚಿನದು?"

ಅವನು ತಲೆ ತಗ್ಗಿಸಿದ.

"ಕಂಪ್ಯೂಟರಿನಲ್ಲಿ ಜಾಗ ಸಾಲಲಿಲ್ಲ. ಕೆಲಸ ಮುಗೀತಲ್ಲ ಅಂತ ಮಾರ್ಚ್‌ನಲ್ಲಿ ಅಳಿಸಿದೆ. ಎರಡು ವಾರದಿಂದ ಹುಡುಕಿದೆ. ಇಲ್ಲ. ಟೇಪು ಅಳಿಸಿದವರನ್ನ ನಲವತ್ತು ವರ್ಷ ಬೈದೆ ನಾನು. ಕೊನೆಗೆ ಅವರು ಮಾಡಿದ್ದನ್ನೇ ಮಾಡಿದೆ."

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. ಉಳಿದಿದ್ದ ಒಂದೆಳೆಯೂ ಕಡಿಯಿತು.

"ಆದರೆ ತೆಗೆದದ್ದನ್ನೆಲ್ಲ ಬರೆದಿಡೋದು ನನ್ನ ಅಭ್ಯಾಸ. ಓದಲಾ?"

ಅವಳು ತಲೆಯಾಡಿಸಿದಳು. ಅವನು ಕನ್ನಡಕ ಏರಿಸಿ, ಭಾವವಿಲ್ಲದ ದನಿಯಲ್ಲಿ ಓದತೊಡಗಿದ.

"ಹನ್ನೆರಡು ನಿಮಿಷ ನಲವತ್ತೊಂದು ಸೆಕೆಂಡು. ಬಾಗಿಲು. ಗಂಡಸಿನ ದನಿ: 'ಇದೇನೋ ಇದು, ಇದಕ್ಕಿಂತ ಚಂದದ ಮೀನಿನ ಹೊಟ್ಟೆ ಬಗೆದಿದ್ದೀನಿ ನಾನು.' ಹುಡುಗ: 'ಬಾಯಿ ಮುಚ್ಚಪ್ಪಾ, ರೆಕಾರ್ಡ್ ಆಗ್ತಿದೆ.' ಗಂಡಸು: 'ಮುಚ್ಚಿದೆ ಮಾರಾಯ. ನೀನೇ ಕ್ಯಾಪ್ಟನ್ನು.' ಕುರ್ಚಿ ಎಳೆದ ಸದ್ದು. ಗಂಡಸು, ಮೆಲ್ಲಗೆ: 'ಬಾ ಪುಟ್ಟಿ, ನನ್ನ ಪಕ್ಕ ಕೂತ್ಕೋ. ಹೆದರ್ಕೋಬೇಡ.'"

ಲೊರೇನ್ ಮೆಟ್ಟಿಲ ಮೇಲೆ ಕೂತಳು. ಅಪ್ಪ ಬೇಸರಿಸಿಕೊಂಡಿರಲಿಲ್ಲ. ಆ ಉತ್ತರ ಮರೆತು, ತನ್ನ ಮಾತನ್ನಷ್ಟೇ ನೆನೆದು ಕೀತ್ ಮೂವತ್ತಾರು ವರ್ಷ ಸವೆದು ಹೋಗಿದ್ದ.

"ಇನ್ನೊಂದಿದೆ," ಅಂದ ನೆವಿಲ್. "ಹತ್ತೊಂಬತ್ತು ನಿಮಿಷ ಎಂಟು ಸೆಕೆಂಡು. ಇಲ್ಲಿ ನಾನು ಸೋತೆ. ನಾಯಕಿಯ ಮಾತಿನ ಮೇಲೆ ಸರಿಯಾಗಿ ಅವರು ನಕ್ಕುಬಿಟ್ಟಿದ್ದಾರೆ. ನಗು ತೆಗೆದರೆ ಮಾತೂ ಹೋಗ್ತಿತ್ತು. ಹದಿನೇಳು ಸಲ ಪ್ರಯತ್ನಿಸಿ ಕೈಬಿಟ್ಟೆ. ಆ ದಿನ ನೀವು ಅಲ್ಲಿಯವರೆಗೆ ಕೂತಿರಲಿಲ್ಲ."

ಅವಳು ನಿಧಾನಕ್ಕೆ ತಲೆಯೆತ್ತಿದಳು. "ಆ ಹಂದಿ..."

"ಹೌದು. ಡಿವಿಡಿಯಲ್ಲಿ ಇನ್ನೂ ಇದೆ."

ಅವಳು ಎದ್ದು ಒಳಗೆ ದಾರಿ ಬಿಟ್ಟಳು. ಮಡಿಸುವ ಮೇಜಿನ ಮೇಲಿದ್ದ ಪುಟ್ಟ ಟಿವಿಗೆ ಅವನು ಜೇಬಿನಲ್ಲಿದ್ದ ಡಿವಿಡಿ ಹಾಕಿದ. ಪರದೆಯಲ್ಲಿ ನಾಯಕಿಯ ಮಸುಕು ಚಿತ್ರ. 'ನಾವು ಮನೆಗೆ ಮರಳುವುದಿಲ್ಲ, ನಾಯಕರೇ,' ಎಂದಳು ಅವಳು. ಆ ಮಾತಿನ ಅಡಿಯಿಂದ ಒರಟಾಗಿ, ಮೂಗಿನಿಂದಲೇ ಶುರುವಾಗಿ ಗಂಟಲಿಗಿಳಿಯುವ ಒಂದು ನಗು. ಎರಡೇ ಸೆಕೆಂಡು.

ಲೊರೇನ್‌ಗೆ ಅಪ್ಪನ ಮುಖ ಮರೆತುಹೋಗಿತ್ತು. ಆದರೆ ಈ ನಗುವಿಗೆ ಅವಳ ಬೆನ್ನಿಗೆ ತಾಗಿದ ಎದೆಯೊಂದು ನಡುಗುತ್ತಿತ್ತು ಎಂಬುದು ಮೈಗೆ ನೆನಪಾಯಿತು.

ಮತ್ತೆ ಹಾಕಿದಳು. ಮತ್ತೆ. ಒಂಬತ್ತನೇ ಸಲಕ್ಕೆ ಅಳು ಬಂತು. ಕಾಲುಚೀಲದ ಮಾತೂ ಬಂತು, ನಲವತ್ತು ವರ್ಷದಲ್ಲಿ ಮೊದಲ ಸಲ.

"ಕಾಲುಚೀಲ ಒಗೆದ್ರೆ ಯಾರೂ ಸಾಯಲ್ಲ ಲೊರೇನ್," ಅಂದ ನೆವಿಲ್.

"ಹೆಸಲ್ ರೋಡಿನಲ್ಲಿ ಹೋಗಿ ಹೇಳಿ ನೋಡಿ. ಬಕೆಟ್ ತಗೊಂಡು ಹೊಡೀತಾರೆ."

ಅವನು ನಗಲಿಲ್ಲ. ಅವಳ ಕೋಟನ್ನು ಬೆಂಚಿನ ಮೇಲೆ ಮಡಿಸಿಟ್ಟ.

"ನಾನು ಆ ದಿನ ಬಂದದ್ದು ಡಿವಿಡಿ ತೋರಿಸೋಕಲ್ಲ. ಅದನ್ನ ಅಂಚೆಯಲ್ಲೂ ಕಳಿಸಬಹುದಿತ್ತು. ನಿಮ್ಮನ್ನ ನೋಡಬೇಕಿತ್ತು. ನೋಡಿದ ಹನ್ನೆರಡೇ ನಿಮಿಷದಲ್ಲಿ ಕಳ್ಕೊಂಡೆ. ನೀವು ಕ್ಷಮಿಸಬೇಕು ಅಂತ ಕೇಳಲ್ಲ."

"ಕ್ಷಮಿಸೋಕೆ ಆಗುತ್ತೋ ಇಲ್ಲವೋ, ಗೊತ್ತಿಲ್ಲ ನನಗೆ."

"ಸರಿ."

ಅವನು ಮೆಟ್ಟಿಲಿಳಿದ. ಗೇಟಿನ ಹತ್ತಿರ ತಿರುಗಿ, ಕೈ ಬೀಸಲು ಎತ್ತಿದ.

ಲೊರೇನ್ ಬರಿಗಾಲಲ್ಲೇ ಓಡಿಬಂದು ಆ ಕೈಯನ್ನು ಗಾಳಿಯಲ್ಲೇ ಹಿಡಿದಳು.

"ನಮ್ಮಲ್ಲಿ ಕೈ ಬೀಸಲ್ಲ."

"ಮತ್ತೆ... ಹೊರಡೋರು ಏನು ಮಾಡ್ತಾರೆ?"

ಅವಳು ಕೈ ಬಿಡಲಿಲ್ಲ. ಆ ಬೆರಳುಗಳು ತಣ್ಣಗಿದ್ದವು.

"ಹೊರಟೋರ ಕಥೆ ಬೇಡ," ಅಂದಳು. "ಚಹಾಕ್ಕೆ ನೀರಿಡ್ತೀನಿ. ಬಂದು ನನ್ನ ಪಕ್ಕ ಕೂತ್ಕೊಳ್ಳಿ."