ಜೋಡಿಯಾಗಿ ಇಟ್ಟ ಚಪ್ಪಲಿ

ಇದನ್ನು ಹೇಳಿದರೆ ಎಲ್ಲರೂ "ಜೆಟ್ ಲ್ಯಾಗ್ ಅಂಕಲ್" ಅಂತ ನಗ್ತಾರೆ. ಮೈಯೆಲ್ಲ ಉರಿಯುತ್ತೆ. ಸಿಡ್ನಿಗೂ ಬ್ಯಾಂಕಾಕಿಗೂ ಇರೋ ಮೂರು ಗಂಟೆ ವ್ಯತ್ಯಾಸಕ್ಕೆ ಎಂಥ ಜೆಟ್ ಲ್ಯಾಗ್ ರೀ?

ಜುಲೈನಲ್ಲಿ ನಾನೂ ನನ್ನ ಹೆಂಡತಿ ನೀಲಾಂಬಿಕಾನೂ ಬ್ಯಾಂಕಾಕಿನ ಹಳೇ ಓಣಿಗಳನ್ನು ನಡೆದೇ ಸುತ್ತುತ್ತಿದ್ದೆವು. ಮಟಮಟ ಮಧ್ಯಾಹ್ನ. ಕಾಲುವೆ ಪಕ್ಕ ಒಂದು ಪುಟ್ಟ ಗುಡಿ ಸಿಕ್ಕಿತು. ಮೈಸೂರಿನಲ್ಲಿ ಕಲಿತ ಬುದ್ಧಿ ನೋಡಿ, ಯಾರೂ ಕದಿಯಬಾರದು ಅಂತ ಒಂದು ಚಪ್ಪಲಿಯನ್ನು ಬಾಗಿಲ ಹತ್ತಿರ, ಇನ್ನೊಂದನ್ನು ದೂರದ ಮರದ ಹಿಂದೆ ಬಿಟ್ಟೆ. ಹೊರಗೆ ಬಂದರೆ ಎರಡೂ ಮೆಟ್ಟಿಲ ಮೇಲೆ ಜೋಡಿಯಾಗಿದ್ದವು, ರಸ್ತೆ ಕಡೆಗೆ ಮುಖ ಮಾಡಿ. ಆ ಸುಡುಬಿಸಿಲಲ್ಲೂ ಮಂಜುಗಡ್ಡೆಯ ಹಾಗೆ ತಣ್ಣಗಿದ್ದವು.

"ಯಾರ್ರೀ ಅದು ನನ್ನ ಚಪ್ಪಲಿ ಮುಟ್ಟಿದ್ದು?" ಅಂತ ಕನ್ನಡದಲ್ಲೇ ಕೂಗಿದೆ. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಯಾರೋ ಪಾಪ, ಮರ್ಯಾದೆಗೆ ಇಟ್ಟಿದ್ದಾರೆ. ಸುಮ್ನಿರಿ," ಅಂದಳು ನೀಲಾಂಬಿಕಾ. ಅವಳ ಚಪ್ಪಲಿ ಮಾತ್ರ ಬಿಟ್ಟಲ್ಲೇ ಇತ್ತು.

ನದಿಯಾಚೆ ಇನ್ನೊಂದು ಗುಡಿಯಲ್ಲಿ ಬೇಕಂತಲೇ ದೂರ ದೂರ ಬಿಟ್ಟೆ. ಅಲ್ಲೂ ಅದೇ ಕಥೆ. ಸಿಟ್ಟು ಬಂದು, ಚಪ್ಪಲಿಯನ್ನು ಹೋಟೆಲಿನ ಕಸದ ಬುಟ್ಟಿಗೆ ಎಸೆದು, ಶೂ ಹಾಕಿಕೊಂಡು ಸಿಡ್ನಿಗೆ ಬಂದೆ.

ಸಿಡ್ನಿಯ ಸ್ಕೋಫೀಲ್ಡ್ಸ್ ಬಡಾವಣೆಯಲ್ಲಿರೋದು ನನ್ನ ಸ್ವಂತ ಮನೆ. ಇಲ್ಲಿ ನನ್ನನ್ನು ಕೇಳೋಕೆ ಯಾರಿದ್ದಾರೆ? ಹೊಸ ಚಪ್ಪಲಿ ತಂದು, ಹಟಕ್ಕೆ ಬಿದ್ದು, ಒಂದನ್ನು ಗರಾಜಿನಲ್ಲಿ, ಒಂದನ್ನು ಹಿತ್ತಲಲ್ಲಿ ಬಿಟ್ಟೆ. ಮುಟ್ಟೋಕೆ ನೀಲಾಂಬಿಕಾನೂ ಇಲ್ಲ, ಅವಳು ವಾರದಿಂದ ಮೆಲ್ಬರ್ನಿನಲ್ಲಿ ಮಗಳ ಮನೆಯಲ್ಲಿದ್ದಾಳೆ.

ಇವತ್ತು ಬೆಳಿಗ್ಗೆ ಮುಂಬಾಗಿಲು ತೆಗೆದೆ. ಎರಡೂ ಹೊಸ್ತಿಲ ಹತ್ತಿರ ಜೋಡಿಯಾಗಿದ್ದವು, ತಣ್ಣಗೆ. ಬ್ಯಾಂಕಾಕಿನಲ್ಲಿ ಅವು ರಸ್ತೆ ಕಡೆಗೆ ಮುಖ ಮಾಡಿದ್ದವು. ಇಲ್ಲಿ ಮನೆಯೊಳಕ್ಕೆ ಮುಖ ಮಾಡಿವೆ, ಯಾರೋ ಕಳಚಿಟ್ಟು ಒಳಗೆ ಹೋದ ಹಾಗೆ.