ಅರ್ಜಿ ಎಂಬ ಹೆಸರಿನ ಫೈಲು

"ಇದು ಸೇವ್ ಆಗೂತನಕ ನೀವು ಏನ್ ಮಾಡ್ತೀರಿ?"

ಹಿಂದಿನಿಂದ ಬಂದ ಗಂಡಸಿನ ದನಿಗೆ ಹೀರಾಬಾಯಿ ಬೆಚ್ಚಿ ತಿರುಗಿದಳು. ಒಳಕೋಣೆಯ ಹೊಸ್ತಿಲಾಚೆ ಒಬ್ಬ ಅಪರಿಚಿತ ನಿಂತಿದ್ದ. ಹೆಗಲಿಗೆ ಚೀಲ, ಅಂಗೈಯಲ್ಲಿ ಬಿಚ್ಚಿ ಹಿಡಿದ ಕೈಗಡಿಯಾರ. ಅಪ್ಪ ಕರೆಸಿದ್ದ ಕಂಪ್ಯೂಟರ್ ರಿಪೇರಿಯವನು ಇವನೇ ಇರಬೇಕು.

"ಏನೂ ಇಲ್ರಿ. ಸುಮ್ನ ಕುಂದರ್ತೇನಿ."

"ದಿನಾ?"

"ದಿನಾ."

ಅವನು ನಗಲಿಲ್ಲ. ಅಯ್ಯೋ ಪಾಪ ಎನ್ನಲೂ ಇಲ್ಲ. ಪರದೆಯ ಮೇಲೆ ಇರುವೆಯ ಹಾಗೆ ಹರಿಯುತ್ತಿದ್ದ ನೀಲಿ ಪಟ್ಟಿಯನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ಗಡಿಯಾರ ನೋಡಿದ. ಈ ಮನೆಯಲ್ಲಿ ಅವಳು ಹೇಗೆ ಹೊತ್ತು ಕಳೆಯುತ್ತಾಳೆಂದು ಏಳು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ...

ಅದು ತೊಂಬತ್ತೆಂಟನೆಯ ಇಸವಿ. ಆಳಂದದ ಆ ಕಲ್ಲುಮನೆಯಲ್ಲಿ ನಾಗಣ್ಣ ಮತ್ತು ಅವನ ಮಗಳು ಹೀರಾಬಾಯಿ, ಇಬ್ಬರೇ. ಲಗ್ನಪತ್ರಿಕೆ, ಕರಪತ್ರ, ಪುಸ್ತಕ ಏನೇ ಬಂದರೂ ಅವಳು ಒಳಕೋಣೆಯ ಚಿಕ್ಕ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದಳು. ಪಡಸಾಲೆಯಲ್ಲಿ ದೊಡ್ಡ ಕಂಪ್ಯೂಟರ್ ಇತ್ತು. ಅದಕ್ಕೆ ಸರ್ವರ್ ಎನ್ನುತ್ತಿದ್ದರು. ಫೈಲುಗಳೆಲ್ಲ ಅದರ ಹೊಟ್ಟೆಯೊಳಗೇ ಇರುತ್ತಿದ್ದವು. ಎರಡರ ನಡುವೆ ತೊಲೆಯ ಮೇಲೆ ಹಾಯ್ದ ಒಂದು ಕಪ್ಪು ವಾಯರು. ಮೊದಲಿನಿಂದಲೂ ಮಂದವಿದ್ದ ಆ ದಾರಿ ಈಚೆಗೆ ಪೂರಾ ಕುಂಟತೊಡಗಿತ್ತು. ಹೈಸ್ಕೂಲಿನ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ತಿಂಗಳೊಳಗೆ ಮುಗಿಯಬೇಕಿತ್ತು. ಒಂದೊಂದು ಪುಟ ಆಚೆ ದಾಟಿಸಲು ಮೂರು ಮೂರು ನಿಮಿಷ.

ಇಪ್ಪತ್ತೆರಡಕ್ಕೆ ಅಫಜಲಪುರಕ್ಕೆ ಮದುವೆಯಾಗಿ ಹೋದವಳು ಹೀರಾಬಾಯಿ. ಗಂಡ ಬೇರೊಬ್ಬಳ ಜೊತೆ ಸಂಸಾರ ಹೂಡಿದ. ಇಪ್ಪತ್ನಾಲ್ಕಕ್ಕೆ ತವರಿಗೆ ಮರಳಿದಳು. ಕೋರ್ಟಿನಲ್ಲಿ ಸಂಬಂಧ ಹರಿದದ್ದೂ ಆಯಿತು, ಅದೇ ಕೊರಗಿನಲ್ಲಿ ಅವ್ವ ತೀರಿಹೋದದ್ದೂ ಆಯಿತು. ಆ ವರನನ್ನು ಹುಡುಕಿ ತಂದಿದ್ದವನು ನಾಗಣ್ಣನೇ. ಆ ತಪ್ಪು ಅವನ ನಾಲಿಗೆಯನ್ನು ಕಟ್ಟಿಹಾಕಿತ್ತು. ಊಟ ಆಯಿತೇ ಎಂದು ಅವನು ಕೇಳುವುದು, ಆಯಿತು ಎಂದು ಇವಳು ಹೇಳುವುದು. ದಿನಕ್ಕೆ ಅಷ್ಟೇ ಮಾತು.

ಆಡಲು ಜನವಿಲ್ಲದ ಮಾತನ್ನು ಅವಳು ಬರೆಯುತ್ತಿದ್ದಳು. ಮಧ್ಯಾಹ್ನ ಕೆಲಸದ ನಡುವೆ ಒಂದು ಫೈಲು ತೆರೆದು ಮನಸ್ಸಿಗೆ ಬಂದದ್ದನ್ನೆಲ್ಲ ಅದರೊಳಗೆ ಸುರಿಯುವಳು. ಅವ್ವನ ಹಳೆಯ ಫೋಟೋಗಳನ್ನೂ ಸ್ಕ್ಯಾನ್ ಮಾಡಿ ಅಲ್ಲೇ ಅಂಟಿಸಿದ್ದಳು. ಯಾರ ಕಣ್ಣೂ ಬೀಳದಿರಲೆಂದು ಅದಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ 'ಅರ್ಜಿ' ಎಂದು ಹೆಸರಿಟ್ಟಿದ್ದಳು. ಅರ್ಜಿಯನ್ನು ಯಾರು ತಾನೇ ತೆರೆದು ಓದುತ್ತಾರೆ?

ರಿಪೇರಿಯವನ ಹೆಸರು ಜಗದೇವಪ್ಪ. ಗಡಿಯಾಚೆ ಅಕ್ಕಲಕೋಟೆ ಕಡೆಯ ಹಳ್ಳಿಯವನು. ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಅಂಗಡಿ ಇಟ್ಟು, ಅದರ ಹಿಂದಿನ ಖೋಲಿಯಲ್ಲಿ ಒಬ್ಬನೇ ಇದ್ದ. ಮೊದಲ ದಿನ ಎರಡೂ ಕಂಪ್ಯೂಟರ್ ಬಿಚ್ಚಿ ಧೂಳು ಹೊಡೆದ. ನಾಲ್ಕು ದಿನ ಬಿಟ್ಟು ಬಂದು ವಾಯರು ಸೇರುವ ಒಳಗಿನ ಕಾರ್ಡು ಬದಲಿಸಿದ. ಗುಣ ಕಾಣಲಿಲ್ಲ.

ಎರಡನೆಯ ಸಲ ಅವನು ತನ್ನ ಬಗ್ಗೆ ಸ್ವಲ್ಪ ಹೇಳಿಕೊಂಡ. ತಾಯಿ ಇಲ್ಲ, ಖಾನಾವಳಿಯ ಊಟ, ಹಬ್ಬದ ದಿನ ಖಾನಾವಳಿಯೂ ಬಂದ್. ಅದನ್ನು ನಗುತ್ತಲೇ ಹೇಳಿದ. ಆದರೆ ಹೀರಾಬಾಯಿಗೆ ನಗು ಬರಲಿಲ್ಲ. ಹಬ್ಬದ ದಿನದ ಆ ಖೋಲಿ ಅವಳ ಕಣ್ಣಿಗೆ ಕಟ್ಟಿತು.

ಅವನು ಹೋದ ಮೇಲೆ ಅರ್ಜಿಯಲ್ಲಿ ಬರೆದಳು: 'ಇವತ್ತೂ ಸರಿಯಾಗಲಿಲ್ಲ. ನನಗೆ ಸಮಾಧಾನವಾಯಿತು. ಇದು ಎಂದೂ ಸರಿಯಾಗದಿದ್ದರೆ ಅವರು ಬರುತ್ತಲೇ ಇರುತ್ತಾರೆ.'

ಬರೆದು ನಾಚಿದಳು. ಅಳಿಸಲು ಮನಸ್ಸಾಗಲಿಲ್ಲ.

ಮೂರನೆಯ ಸಲ ಅವನು ಪಡಸಾಲೆಯಲ್ಲಿ ಕೆಲಸಕ್ಕೆ ಕುಳಿತಿದ್ದಾಗ ಅವಳು ಚಹಾ ತಂದಳು. ಮೇಜಿನ ಮೇಲೆ ಅವನು ಇಂಗ್ಲಿಷಿನಲ್ಲಿ ಗೀಚಿದ ಚೀಟಿ ಇತ್ತು. ಅರ್ಜಿ, ಹನ್ನೊಂದು ನಿಮಿಷ. ಅರ್ಜಿ, ಹನ್ನೊಂದೂವರೆ ನಿಮಿಷ. ತಲೆಯೆತ್ತಿದಳು. ಪರದೆಯ ಮೇಲೆ ಅವಳ ಫೈಲಿನ ಕೊನೆಯ ಪುಟ ತೆರೆದಿತ್ತು. ಅವನು ಅದರತ್ತ ಬಾಗಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

ಅವಳ ಕಿವಿಗಳು ಬಿಸಿಯಾದವು. ಓದಿಬಿಟ್ಟ... ಎಲ್ಲವನ್ನೂ ಓದಿಬಿಟ್ಟ!

ಬಾಗಿ ಸ್ವಿಚ್ ಆರಿಸಿಬಿಟ್ಟಳು.

"ಎದ್ದು ಹೋಗ್ರಿ. ಇನ್ನ ಈ ಮನಿಗಿ ಬರಬ್ಯಾಡ್ರಿ."

ಜಗದೇವಪ್ಪ ದಂಗಾಗಿ ನಿಂತ. ತಪ್ಪೇನಾಯಿತೆಂದು ಕೇಳಿದ. ಅವಳು ಮುಖ ತಿರುಗಿಸಿದಳು. ಹೇಳಬೇಕೆಂದರೆ ಆ ಸಾಲುಗಳನ್ನೇ ಮತ್ತೆ ಬಾಯಲ್ಲಿ ಹೇಳಬೇಕಾಗುತ್ತಿತ್ತು. ಅವನು ಚೀಲ ಎತ್ತಿಕೊಂಡು ಹೊರಟುಹೋದ. ಚಹಾ ಹಾಗೇ ಆರಿತು.

ಮುಂದಿನ ಹತ್ತು ದಿನಗಳು ಏಳು ವರ್ಷಕ್ಕಿಂತ ಉದ್ದವಾದವು. ಒಂಟಿತನ ಅವಳಿಗೆ ಹೊಸದಲ್ಲ. ಆದರೆ ಮೊದಲು ಅದು ಗೋಡೆಯ ಹಾಗೆ ಸುಮ್ಮನಿತ್ತು. ಈಗ ಅದಕ್ಕೆ ಒಂದು ಮುಖವಿತ್ತು, ಒಂದು ದನಿಯಿತ್ತು. ಬಾಗಿಲು ಸದ್ದಾದರೆ ಎದೆ ಹಾರುತ್ತಿತ್ತು. ನೋಡಿದರೆ ಹಾಲಿನವಳು. ಅರ್ಜಿಯನ್ನು ಅವಳು ಮತ್ತೆ ತೆರೆಯಲಿಲ್ಲ. ಇದ್ದ ಒಬ್ಬ ಗೆಳತಿಯೂ ಸತ್ತ ಹಾಗಾಗಿತ್ತು.

ಹನ್ನೊಂದನೆಯ ದಿನ ನಾಗಣ್ಣ ಒಂದು ಕಾಗದ ಹಿಡಿದು ಒಳಕೋಣೆಗೆ ಬಂದ. ಜಗದೇವಪ್ಪ ಬರೆದದ್ದು. ಹೀರಾಬಾಯಿ ಕೈ ಚಾಚಿದಳು. ಅಕ್ಷರ ನೋಡಿ ತಡೆದಳು. ಎಲ್ಲವೂ ಮರಾಠಿ.

ನಾಗಣ್ಣ ಸೋಲಾಪುರದಲ್ಲಿ ಹದಿನೈದು ವರ್ಷ ನೌಕರಿ ಮಾಡಿದ್ದವನು. ಅವನೇ ಓದಿ ಹೇಳಿದ. ನಾನು ನೋಡದೆ ಉಳಿದದ್ದು ತೊಲೆಯ ಮೇಲಿನ ವಾಯರು ಒಂದೇ, ಬೇರೆಯವರನ್ನು ಕರೆಸಿ ತೋರಿಸಿರಿ. ಎಲ್ಲಕ್ಕಿಂತ ದೊಡ್ಡ ಫೈಲೆಂದು ಅರ್ಜಿ ಎಂಬುದನ್ನು ಆರಿಸಿ, ದಾಟಲು ಎಷ್ಟು ಹೊತ್ತಾಗುತ್ತದೆಂದು ಅಳೆದೆ. ದಾರಿಯಲ್ಲಿ ಪುಟಗಳು ಕೆಟ್ಟಿವೆಯೇ ನೋಡಲು ತೆರೆದೆ. ನನ್ನಿಂದ ಏನು ತಪ್ಪಾಯಿತೋ ತಿಳಿಯದು, ಕ್ಷಮಿಸಿರಿ. ಇಷ್ಟೇ ಇತ್ತು.

"ಮರಾಠ್ಯಾಗ ಯಾಕ ಬರದಾರರಿ ಅಪ್ಪಾ?"

"ಮತ್ತ ಯಾವುದರಾಗ ಬರೀಬೇಕವ್ವ? ಅವರ ಊರಾಗ ಸಾಲಿ ಎಲ್ಲಾ ಮರಾಠಿ. ಮನ್ಯಾಗ ಕನ್ನಡ ಮಾತಾಡ್ತಾರ, ಖರೆ. ಓದಾಕ ಒಂದಕ್ಷರ ಬರಂಗಿಲ್ಲ ಅವಗ."

ಹೀರಾಬಾಯಿ ಕಾಗದ ಇಸಿದುಕೊಂಡು ಆ ಅಕ್ಷರಗಳನ್ನೇ ನೋಡಿದಳು. ಹಾಗಾದರೆ ಅವನು ನೋಡುತ್ತಿದ್ದದ್ದು ಬರೀ ಗೆರೆ, ಬರೀ ಸುಳಿ! ತಾನು ಎಂಥ ಮಾತು ಆಡಿಬಿಟ್ಟೆ... ಒಬ್ಬನೇ ಬದುಕುವ ಮನುಷ್ಯನಿಗೆ, ಬಾಗಿಲು ತೋರಿಸಿ...

ಅಂದೇ ಮಧ್ಯಾಹ್ನ ಸೆರಗು ಹೊದ್ದು ಬಸ್ ಸ್ಟ್ಯಾಂಡಿಗೆ ನಡೆದಳು. ತವರಿಗೆ ಬಂದ ಮೇಲೆ ಪೇಟೆಯಲ್ಲಿ ಅವಳು ಒಬ್ಬಳೇ ಹೋದದ್ದು ಅದೇ ಮೊದಲು. ನೋಡುವವರು ನೋಡಿದರು. ಅಂಗಡಿಯ ಮುಂದೆ ನಿಂತು, ತನ್ನದೇ ತಪ್ಪು, ತಿಳಿಯದೆ ಸಿಟ್ಟು ಮಾಡಿದೆ, ಬಂದು ನೋಡಿರಿ ಎಂದಷ್ಟೇ ಹೇಳಿದಳು. ಜಗದೇವಪ್ಪ ಒಂದೂ ಪ್ರಶ್ನೆ ಕೇಳದೆ ಚೀಲ ತೆಗೆದುಕೊಂಡ.

ಏಣಿ ಹಾಕಿ ತೊಲೆಗೆ ಕೈಯಿಟ್ಟವನು ಹತ್ತು ನಿಮಿಷದಲ್ಲಿ ಕೆಳಗಿಳಿದ. ಮೊದಲು ವಾಯರು ಎಳೆದವನಿಗೆ ನಡುವೆ ನಾಲ್ಕು ಮೊಳ ಸಾಲದೆ, ಟಿವಿಯ ವಾಯರಿನ ತುಂಡು ಜೋಡಿಸಿ ಪೂರೈಸಿದ್ದ. ಬಣ್ಣ ಒಂದೇ, ದಪ್ಪವೂ ಒಂದೇ, ಜಾತಿ ಬೇರೆ. ಸಾಲದ್ದಕ್ಕೆ ಜೋಡಣೆಯೂ ಈಗ ಸಡಿಲಾಗಿತ್ತು. ಹೋದ ಮಾತು ಆ ಗಂಟಿಗೆ ಬಡಿದು ಹಿಂದೆ ಬರುತ್ತದೆ, ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ, ಅದಕ್ಕೇ ಇಷ್ಟು ತಡ ಎಂದು ವಿವರಿಸಿದ. ಅದನ್ನೆಲ್ಲ ಕಿತ್ತು ಹೊಸ ವಾಯರು ಎಳೆದ.

ಅರ್ಜಿಯನ್ನೇ ದಾಟಿಸಿ ನೋಡಿರೆಂದು ಹೀರಾಬಾಯಿ ತಾನೇ ಹೇಳಿದಳು. ಇಪ್ಪತ್ತು ಸೆಕೆಂಡು. ನೀಲಿ ಪಟ್ಟಿ ನೋಡುನೋಡುತ್ತಿದ್ದಂತೆ ತುಂಬಿತು.

ಇಬ್ಬರಿಗೂ ಸಂತೋಷವಾಗಬೇಕಿತ್ತು. ಆಗಲಿಲ್ಲ. ಜಗದೇವಪ್ಪ ಇಕ್ಕಳ ಚೀಲಕ್ಕೆ ಹಾಕಿದ. ಮತ್ತೆ ತೆಗೆದ. ಮತ್ತೆ ಹಾಕಿದ.

ಈಗ ಹೇಳದಿದ್ದರೆ ಎಂದೂ ಇಲ್ಲ... ಹೀರಾಬಾಯಿ ಗೋಡೆ ನೋಡುತ್ತ ಹೇಳಿದಳು, "ಆ ಫೈಲಿನ್ಯಾಗ ನಿಮ್ಮ ಬಗ್ಗೆ ಬರದೇನಿ. ನೀವು ಓದಿದ್ರಿ ಅಂತ ತಿಳದು ಬೈದೆ."

"ಏನ್ ಬರದೀರಿ?"

"ಮಶೀನು ಸರಿ ಆಗಬಾರ್ದು. ನೀವು ಬರ್ತಾನ ಇರಬೇಕು ಅಂತ."

ಜಗದೇವಪ್ಪ ಏಣಿಯ ಕೆಳಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ತೊಲಿ ಮ್ಯಾಲಿನ ವಾಯರು ಮೊದಲನೇ ದಿನಾನ ನೋಡಬೇಕಿತ್ತು ನಾ. ಬೇಕಂತಲೇ ಕೊನಿಗಿ ಇಟ್ಟೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ತಾನು ಗಂಡನ ಮನೆಯಿಂದ ಮರಳಿ ಬಂದವಳೆಂದು ಹೇಳಿದಳು. ಅವನಿಗೆ ಗೊತ್ತಿತ್ತು. ನಾಗಣ್ಣನೇ ಹೇಳಿದ್ದನಂತೆ, ಹೇಳುತ್ತ ಅತ್ತಿದ್ದನಂತೆ. ಅಪ್ಪ ಅತ್ತ ಸಂಗತಿ ಮಗಳಿಗೆ ಇಲ್ಲಿಯವರೆಗೆ ಗೊತ್ತಿರಲಿಲ್ಲ.

"ನಿಮ್ಮಪ್ಪಾರಿಗಿ ಕೇಳಲೇನು?"

"ಮೊದಲ ನನಗ ಕೇಳ್ರಿ."

"ನನ್ನ ಜೋಡಿ ಸಂಸಾರ ಮಾಡ್ತೀರಿ?"

"ಮಾಡ್ತೇನಿ."

ಪಡಸಾಲೆಯಿಂದ ನಾಗಣ್ಣನ ಕೆಮ್ಮು ಕೇಳಿತು. ಮೂರು ಕಪ್ ಚಹಾ ಇಡು, ಕುಳಿತು ಮಾತಾಡೋಣ ಎಂದು ಕೂಗಿ ಹೇಳಿದ.

ಹೀರಾಬಾಯಿ ಕಣ್ಣೊರೆಸಿಕೊಂಡು ಅಡುಗೆಮನೆಯತ್ತ ಹೊರಟವಳು ಬಾಗಿಲಲ್ಲಿ ನಿಂತಳು.

"ನಾಳಿಗಿ ಬರ್ತೀರಿ?"

"ಏನ್ ಕೆಟ್ಟದಂತ ಬರ್ಲಿ?"

"ಏನೂ ಕೆಟ್ಟಿಲ್ಲ. ಹಂಗ ಬರ್ರಿ."