ಚುರುಮುರಿಯ ತಾಯಿ ಕುರುಡಾದ ವರ್ಷ

“ನಮ್ಮ ಮನಿಯಾಕಿಗೆ ಶುಗರ್ ಬಂದೈತ್ರಿ.”

ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯ ತನ್ನ ಪುಟ್ಟ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಸುಲಭಾ ತಲೆ ಎತ್ತಿದಳು. ಬಾಗಿಲಲ್ಲಿ ಎತ್ತರದ ಗಂಡಸು. ನಾಲ್ಕು ದಿನದ ಗಡ್ಡ. ಎದೆಗೊತ್ತಿಕೊಂಡ ಶಾಲಿನ ಗಂಟು.

“ಅಲ್ರಿ, ಇದು ದನಾ, ನಾಯಿ ನೋಡೋ ದವಾಖಾನಿ. ನಿಮ್ಮ ಮನಿಯವ್ರನ್ನ ಎದುರಿನ ಡಾಕ್ಟರ್ ಕಡೆ ಕರ್ಕೊಂಡು ಹೋಗ್ರಿ,” ಎಂದು ನಕ್ಕಳು.

ಅವನು ನಗಲಿಲ್ಲ. ಶಾಲು ಸರಿಸಿದ. ಬಿಳಿ ಪೊಮೇರಿಯನ್ ನಾಯಿಯೊಂದು ಮೂಗು ಹೊರಹಾಕಿತು.

“ಇಕೀನ್ರಿ.”

ಸುಲಭಾಳ ನಗು ಅಲ್ಲೇ ನಿಂತಿತು. ಬಾಯಿತಪ್ಪಿ ಆಡಿದ ಮಾತಿರಬಹುದೆಂದು ಅವನ ಮುಖ ನೋಡಿದಳು. ತಪ್ಪಿದಂತೆ ಕಾಣಲಿಲ್ಲ.

ಅವನ ಹೆಸರು ಹನುಮೇಶ, ಊರಿನದೇ ಒಂದು ಬೀಜದ ಕಂಪನಿಯಲ್ಲಿ ತಳಿ ತಯಾರಿಸುವವನು. ನಾಯಿಯ ಹೆಸರು ಚುರುಮುರಿ, ವಯಸ್ಸು ಆರು. ಸುಲಭಾ ಅದರ ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ಮೀಟರಿಗೆ ಹಚ್ಚಿದಳು. ನಾನೂರ ಹನ್ನೆರಡು.

“ಜೀವ ಇರೋತನಕ ದಿನಾ ಎರಡು ಹೊತ್ತು ಇನ್ಸುಲಿನ್ ಕೊಡಬೇಕಾಗ್ತದ. ಸೂಜಿ ಹಾಕೋದು ನಾ ಕಲಸ್ತೀನಿ.”

“ಬ್ಯಾಡ್ರಿ, ಬರತೈತಿ,” ಎಂದವನೇ ಸಿರಿಂಜ್ ತೆಗೆದುಕೊಂಡ. ಕತ್ತಿನ ಹಿಂದಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಹೂವಿನ ಮೇಲೆ ಪರಾಗ ಇಡುವಷ್ಟು ಹಗುರಾಗಿ ಚುಚ್ಚಿದ. ನಾಯಿ ಬಾಲ ಅಲ್ಲಾಡಿಸಿತು.

“ಎಲ್ಲಿ ಕಲ್ತ್ರಿ?”

“ಇಕೀಗೆ ಎಂಟು ವರ್ಷ ಮಾಡೇನಲ್ರಿ.”

ಆರು ವರ್ಷದ ನಾಯಿಗೆ ಎಂಟು ವರ್ಷ ಇಂಜೆಕ್ಷನ್ನೇ! ಅವನು ಹೋದಮೇಲೆ ಸುಲಭಾ ವಿಚಾರಿಸಿದಾಗ ತಿಳಿಯಿತು: ಅವನ ಹೆಂಡತಿ ಸುನಿತಾಗೆ ಸಣ್ಣಂದಿನಿಂದ ಸಕ್ಕರೆ ಕಾಯಿಲೆ ಇತ್ತು. ತೀರಿಕೊಂಡು ಮೂರು ವರ್ಷ.

ಅಂದಿನಿಂದ ದಿನಾ ಸಂಜೆ ಏಳಕ್ಕೆ ಹನುಮೇಶ ಬರತೊಡಗಿದ. ಸುಲಭಾ ರಕ್ತ ನೋಡಬೇಕು, ಅವನು ಸೂಜಿ ಹಾಕಬೇಕು. ಸಿರಿಂಜನ್ನು ಒಂದು ದಿನವೂ ಅವಳ ಕೈಗೆ ಕೊಟ್ಟವನಲ್ಲ. ಅವನು ತಳಿ ಮಾಡುತ್ತಿದ್ದ ಹೀರೆಯ ಹೂ ಅರಳುವುದು ಸಂಜೆಗೆ. ಕೈಯಿಂದ ಪರಾಗ ಮುಟ್ಟಿಸಿ ನೇರ ಹೊಲದಿಂದ ಬರುತ್ತಿದ್ದನಾದ್ದರಿಂದ ಉಗುರ ಸಂದಿಯಲ್ಲೆಲ್ಲ ಹಳದಿ ಪುಡಿ.

“ಅರಿಷಿಣ ಹಚ್ಚಿದ ಮದುಮಗನಂಗ ಬಂದೀರಲ್ಲ,” ಎಂದು ಒಂದು ಸಂಜೆ ಸುಲಭಾ ಛೇಡಿಸಿದಳು.

ಅವನು ಬೆರಳು ನೋಡಿಕೊಂಡ. ತುಟಿಯಂಚಿನಲ್ಲಿ ನಗೆ ಮೂಡಿತು, ಕಣ್ಣು ಅವಳ ಕಣ್ಣಿಗೆ ಬಂದು ಒಂದು ಉಸಿರಿನಷ್ಟು ಹೊತ್ತು ನಿಂತಿತು. ಮರುಕ್ಷಣವೇ ನಾಯಿಯ ಕಡೆ ತಿರುಗಿ, “ನೋಡಿದೇನ, ಡಾಕ್ಟರ್ ಚ್ಯಾಷ್ಟಿ ಮಾಡಾಕತ್ತಾರ,” ಎಂದ. ಚಾಡಿ ಹೇಳಿದ್ದು ಹೆಂಡತಿಗೆ.

ಹೌದು ಮತ್ತೆ, ಮುಚ್ಚಿಡುವುದೇನು, ಸುಲಭಾಳ ಮನಸ್ಸು ಅವನ ಮೇಲೆ ಹೋಗಿತ್ತು. ಮೂವತ್ತಾರು ದಾಟಿದ, ಕೋಣನ ಬಾಯಿಗೂ ಕೈ ಹಾಕುವ ಗಟ್ಟಿಗಿತ್ತಿ, ಏಳು ಗಂಟೆಗೆ ಮುಂಚೆ ಕನ್ನಡಿಯ ಮುಂದೆ ನಿಲ್ಲುತ್ತಾಳೆಂದರೆ ಬೇರೇನು ಅರ್ಥ? ಆದರೆ ಅವಳಿಗೂ ಅವನಿಗೂ ನಡುವೆ ಮೂರನೆಯವಳೊಬ್ಬಳು ಟೇಬಲ್ಲಿನ ಮೇಲೆ ಬಾಲ ಅಲ್ಲಾಡಿಸುತ್ತ ಕೂತಿರುತ್ತಿದ್ದಳು.

ಒಂದು ಮಧ್ಯಾಹ್ನ ನಾಯಿಗೆ ಸುಸ್ತೆಂದು ಫೋನ್ ಬಂದು ಸುಲಭಾ ಅವನ ಮನೆಗೇ ಹೋದಳು. ನೋಡಿ ಮುಗಿಸಿ ಚಹಾ ಕುಡಿಯುವಾಗ, ಮಲಗಿದ್ದ ಚುರುಮುರಿ ತಟ್ಟನೆ ಎದ್ದಿತು. ಮುಚ್ಚಿದ ಕೋಣೆಯ ಬಾಗಿಲಿಗೆ ಹೋಗಿ ಉಗುರಿನಿಂದ ಕೆರೆಯತೊಡಗಿತು. ಕರ್, ಕರ್, ಕರ್. ಗಡಿಯಾರದಲ್ಲಿ ಮೂರೂ ಹತ್ತು.

“ದಿನಾ ಇದ ಹೊತ್ತಿಗ್ರಿ,” ಎಂದ ಹನುಮೇಶ. ಚಹಾದ ಬಟ್ಟಲನ್ನು ಕೆಳಗಿಟ್ಟ.

“ಬಾಗಲಾ ತಗೀರಿ ಮತ್ತ.”

“ಮೂರು ವರ್ಷಾತು, ತಗದಿಲ್ರಿ.”

ಆಮೇಲೆ ಅವನೇ ಹೇಳಿದ. ಆ ದಿನ ಸುನಿತಾಗೆ ಮಧ್ಯಾಹ್ನದ ಇನ್ಸುಲಿನ್ ಅವನೇ ಹಾಕಿದ್ದ. ಈಗ ಉಣ್ಣುತ್ತೇನೆ ಅಂದವಳು ಹಾಗೇ ಅಡ್ಡಾಗಿದ್ದಳು. ಇವನು ಅಂಗಳದಲ್ಲಿ ಹೊಲದವರ ಜೊತೆ ಫೋನಿನಲ್ಲಿದ್ದ. ಚುರುಮುರಿ ಬಾಗಿಲು ಕೆರೆದು ಕೆರೆದು ಬೊಗಳಿತು. ಮಾತು ಕೇಳಿಸುವುದಿಲ್ಲವೆಂದು ಇವನು ಅದನ್ನು ಬೈದು ಹಿತ್ತಲಲ್ಲಿ ಕಟ್ಟಿಹಾಕಿದ. ಒಳಗೆ ಹೋದಾಗ ಮೂರೂ ಹತ್ತು. ಸಕ್ಕರೆ ಇಳಿದು ಎಲ್ಲ ಮುಗಿದುಹೋಗಿತ್ತು.

“ಮೂರು ವರ್ಷ ತುಂಬಿದ ತಿಂಗಳದಾಗ ಇದಕ್ಕ ಅದ ರೋಗ ಬಂತು. ಸುಮ್ನ ಬರತೈತೇನ್ರಿ? ಅಕೀನ ಬಂದಾಳ. ಈ ಕೈ ಒಂದ್ಸಲ ತಪ್ಪೇತಿ, ಎರಡನೇ ಸಲ ತಪ್ಪಬಾರ್ದು ಅಂತ ಬಂದಾಳ.”

ಹೌದೆಂದುಬಿಡಬೇಕೆನಿಸಿತು ಸುಲಭಾಗೆ. ಆದರೂ ಅವಳು ಡಾಕ್ಟರು.

“ಹನುಮೇಶ, ಇದು ವಂಶದಿಂದ ಬರೋ ದೋಷ. ಒಂದ ಜೀನ್ ಅಲ್ಲ, ಹತ್ತಾರು ಜೀನ್ ಕೂಡಿರ್ತಾವ. ಇನ್ಸುಲಿನ್ ಮಾಡೋ ಜೀವಕಣಗಳನ್ನ ಮೈ ತಾನಾಗೇ ಸಾಯಿಸ್ತದ. ಕೆಲವು ಮನೆತನದ ನಾಯಿಗಳಿಗೆ ಅಪಾಯ ಹೆಚ್ಚು. ಬಂದೇ ಬರ್ತದಂತಲ್ಲ, ಬರಬಹುದು. ನೀವು ತಳಿ ಮಾಡೋ ಮನುಷ್ಯಾ, ನಿಮಗ ನಾ ಹೇಳಬೇಕಾ?”

“ಗಿಡದ ಮಾತಾದ್ರ ನಿಮಗಿಂತ ಮೊದಲ ನಾ ಹೇಳತಿದ್ದೆ. ಇದು ಗಿಡ ಅಲ್ರಿ.”

“ಇದರ ಒಡಹುಟ್ಟಿದವು ಎಲ್ಲಿ ಅವ? ಅವುಗಳ ರಕ್ತಾ ನೋಡೋಣು.”

“ಬ್ಯಾಡ್ರಿ,” ಎಂದ, ಬೇಡುವ ದನಿಯಲ್ಲಿ. ಅವನ ಭಯ ಅವಳಿಗೆ ಅರ್ಥವಾಯಿತು. ರಕ್ತ ಬಾಯಿಬಿಟ್ಟರೆ ಸುನಿತಾ ಬಂದೇ ಇಲ್ಲವೆಂದಾಗುತ್ತದೆ. ಅವನ ಪಾಲಿಗೆ ಅವಳು ಎರಡನೇ ಸಲ ಸತ್ತಂತೆ.

ಸುಲಭಾಳ ಸಂಕಟವೂ ಸಣ್ಣದಲ್ಲ. ಸುಮ್ಮನಿದ್ದುಬಿಟ್ಟರೆ ನಾಯಿ ಇರುವಷ್ಟು ದಿನ ಸಂಜೆ ಏಳಕ್ಕೆ ಅವನು ಬರುತ್ತಾನೆ. ರಕ್ತ ನೋಡಿ ಸತ್ಯ ತೋರಿಸಿದರೆ ಬರುತ್ತಾನೋ, ಮುಖ ಮುರಿದುಕೊಂಡು ಹೋಗುತ್ತಾನೋ. ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಕೇಳಿಯೇ ಬಿಟ್ಟಳು: “ಅದರ ಒಡಹುಟ್ಟಿದವಕ್ಕೂ ಇದ್ದು, ನಾವು ನೋಡದೇ ಸತ್ರ? ಆಗ ಯಾವ ಬಾಗಲಾ ಮುಚ್ಚತೀರಿ?”

ಮಾತು ಕಠಿಣವಾಯಿತು, ಅವಳಿಗೂ ಗೊತ್ತು. ಹನುಮೇಶ ಚುರುಮುರಿಯನ್ನು ಎದೆಗೆತ್ತಿಕೊಂಡು, “ಭಾನುವಾರ ಹೋಗೋಣ್ರಿ,” ಎಂದ.

ಚುರುಮುರಿಯ ಜೊತೆ ಹುಟ್ಟಿದ ಮರಿಗಳಿಗೆ ಹೆಸರಿಟ್ಟು ಹಂಚಿದವಳು ಸುನಿತಾನೇ. ಹಾವೇರಿಯಲ್ಲಿ ಅವಲಕ್ಕಿ. ಬ್ಯಾಡಗಿಯಲ್ಲಿ ಮಿರ್ಚಿ. ಕಾರಿನಲ್ಲಿ ಸುಲಭಾಳ ತೊಡೆಯ ಮೇಲೆ ಚುರುಮುರಿ, ಕಿಟಕಿಯಾಚೆ ನೋಡುತ್ತ, ಊರು ಬಲ್ಲವರ ಹಾಗೆ.

ಹಾವೇರಿಯ ಅವಲಕ್ಕಿ ಗುಂಡುಗುಂಡಾಗಿ ಚೆನ್ನಾಗಿತ್ತು. ಸಕ್ಕರೆ ತೊಂಬತ್ತೆರಡು. ಇದು ಮನೆತನದ ರೋಗವಲ್ಲ, ಸುನಿತಾಳೇ ಬಂದಿದ್ದಾಳೆಂದು ಹನುಮೇಶನ ಮುಖ ಅರಳಿತು. ಅವನು ಅರಳಿದ್ದಕ್ಕೆ ಸುಲಭಾಳ ಮನಸ್ಸು ಮುದುಡಿತು.

ಬ್ಯಾಡಗಿಗೆ ಬಂದರೆ ಗಾಳಿಯೇ ಮೆಣಸಿನಕಾಯಿ. ಮೂವರೂ ಸೀನಿದರು, ನಾಯಿಯೂ ಸೇರಿ. ಮಿರ್ಚಿಯನ್ನು ಸಾಕಿದ ತಬಸ್ಸುಮ್ ಎಂಬ ಟೇಲರ್ ಹೊಲಿಗೆ ಬಿಟ್ಟೆದ್ದು ಬಂದಳು. ಮಿರ್ಚಿಯ ಸಕ್ಕರೆ ನೂರ ಎಂಬತ್ತೆಂಟು.

“ಸ್ವಲ್ಪ ಏರೇದ. ಇದೇ ಶುರು ಇರಬಹುದು, ವಾರ ಬಿಟ್ಟು ಮತ್ತ ನೋಡಬೇಕು. ನೀರು ಬಾಳ ಕುಡೀತದೇನ್ರಿ?”

“ಹದಿನೈದು ದಿನದಿಂದ ಕೊಡಗಟ್ಲೆ ಕುಡಿಯಾಕತ್ತೇತ್ರಿ,” ಎಂದಳು ತಬಸ್ಸುಮ್. “ತೋರಸಬೇಕಂತ ನಾನ ಮಾಡಿದ್ದೆ. ಸುನಿತಾ ಅಕ್ಕಾರು ಹೇಳಿ ಹೋಗಿದ್ರಲ್ಲ.”

ಹನುಮೇಶ ತಟ್ಟನೆ ತಿರುಗಿದ. “ಯಾರು?”

“ನಿಮ್ಮ ಮನಿಯವ್ರ. ನಾಕು ವರ್ಷಾತು. ಇದಕ್ಕಂತನ ಬಂದು ಹೇಳಿದ್ರು, ಸಿಹಿ ಹಾಕಬ್ಯಾಡ, ನೀರು ಬಾಳ ಕುಡದ್ರ ಲಗೂನ ಡಾಕ್ಟರಿಗೆ ತೋರಸು ಅಂತ. ನಿಮಗ ಗೊತ್ತಿಲ್ಲೇನು?”

ಅವನಿಗೆ ಗೊತ್ತಿರಲಿಲ್ಲ. ಕಾರು ಹತ್ತಿ ಗೇರ್ ಮೇಲೆ ಕೈ ಇಟ್ಟವನು ಅದನ್ನು ಹಾಕಲಿಲ್ಲ. ಸುಲಭಾಗೆ ಆ ಕೈಯ ಮೇಲೆ ತನ್ನ ಕೈ ಇಡಬೇಕೆನಿಸಿತು, ಇಡಲಿಲ್ಲ. “ದೇವರಗುಡ್ಡಕ್ಕ ಹೋಗೋಣ್ರಿ. ಇವುಗಳ ತಾಯಿ ಅತ್ತಿ ಮನ್ಯಾಗಿತ್ತು,” ಎಂದಷ್ಟೇ ಹೇಳಿದ.

ಸುನಿತಾಳ ತಾಯಿ ಹೊಳಿಯವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಅಳಿಯನನ್ನು ನೋಡಿ ಸೆರಗು ಸರಿಮಾಡಿಕೊಂಡಳು, ಜೊತೆಗಿದ್ದವಳನ್ನು ನೋಡಿ ಸುಮ್ಮನಾದಳು. “ಬರ್ರಿ, ಕುಂದ್ರಿ,” ಎಂದು ನೀರು ಕೊಟ್ಟಳು.

“ಯವ್ವಾ, ಇವುಗಳ ತಾಯಿ ಹೆಂಗ ಸತ್ತಿತು?”

“ಯಾಕಪ್ಪಾ ಈಗ? ಅದು ನೀರು ಕುಡದ ಕುಡದ ಎಲುಬಾತು. ಆಮ್ಯಾಲೆ ಕಣ್ಣು ಹಾಲು ಸುರವಿದಂಗ ಬೆಳ್ಳಗಾಗಿ ಕುರುಡಾತು. ಸುನಿತಾ ಬಂದಾಕಿ, ತನ್ನ ಮಿಶಿನ್‌ನಾಗ ಅದರ ರಕ್ತಾ ಹಾಕಿ ನೋಡಿದ್ಲು. ಇದಕ್ಕೂ ನನ್ನಂಗ ಸಕ್ರಿ ಐತಿ ಯವ್ವಾ ಅಂದ್ಲು. ಆಗಲೇ ತಡಾ ಆಗಿತ್ತು. ಎಂಟ ದಿನದಾಗ ಹೋತು.”

ಸುಲಭಾ ಕಣ್ಣು ಮುಚ್ಚಿದಳು. ಕಣ್ಣಿನ ಪೊರೆ. ನಾಯಿಗಳ ಸಕ್ಕರೆ ಕಾಯಿಲೆಯ ದೊಡ್ಡ ಗುರುತು.

“ಯಾವ ವರ್ಷ?” ಹನುಮೇಶನ ದನಿ ಬಿದ್ದುಹೋಗಿತ್ತು.

“ಅಕಿ ಹೋಗೂದಕ್ಕ ಒಂದು ವರ್ಷ ಮೊದಲ. ನೂಲಿನಂಗ ಸೀರಿ, ತಾಯಿಯಂಗ ಮಗಳು, ಚುರುಮುರಿಗೂ ಬರಬಹುದು ಅಂತ ಅಕೀನ ಅಂದ್ಲು. ನಿನಗ ಹೇಳಂದ್ರ, ನನ್ನ ಒಬ್ಬಾಕಿ ಚಿಂತೀನ ಸಾಕು ಅವರಿಗೆ ಅಂದ್ಲು.” ಮುದುಕಿ ಶೇಂಗಾ ಸಿಪ್ಪೆ ಕೊಡವಿದಳು. “ಮತ್ತ ಯಾರು ನೋಡ್ತಾರ ಅಂತ ನಾ ಕೇಳಿದೆ. ನಕ್ಕಳಪ್ಪಾ. ಬಂದ್ರ ಬರ್ಲಿ, ಅವರು ನೋಡ್ಕೋತಾರ, ಅವರ ಕೈ ನನಗ ಗೊತ್ತೈತಿ, ಇಷ್ಟು ವರ್ಷದಾಗ ಒಂದ್ಸಲಾನೂ ನೋವಾಗಿಲ್ಲ ಅಂದ್ಲು.”

ಹನುಮೇಶ ಎದ್ದು ಹಿತ್ತಲಿಗೆ ಹೋದ. ಅವನು ಅಳುವುದು ಕೇಳಿಸುತ್ತಿತ್ತು. ಸುಲಭಾ ಏಳಹೋದರೆ ಹೊಳಿಯವ್ವ ಅವಳ ಮುಂಗೈ ಹಿಡಿದು ಕೂರಿಸಿದಳು. “ಅಳ್ಳಿ ಬಿಡವಾ. ಅಕಿ ಮಣ್ಣಿನ ದಿನಾನೂ ಅತ್ತಿಲ್ಲ ಅಂವ.” ಹಿಡಿದ ಕೈ ಬಿಡಲಿಲ್ಲ. ಅವಳ ಮುಖವನ್ನೇ ನೋಡಿ ಕೇಳಿದಳು: “ಅಂವನ್ನ ಕಂಡ್ರ ನಿನಗ ಜೀವ ಏನವಾ?”

ಸುಳ್ಳು ಹೇಳುವ ಶಕ್ತಿ ಸುಲಭಾಗೆ ಇರಲಿಲ್ಲ. “ಹೌದ್ರಿ,” ಎಂದಳು.

ಹೊಳಿಯವ್ವ ಒಂದು ಹಿಡಿ ಶೇಂಗಾ ಅವಳ ಸೆರಗಿಗೆ ಹಾಕಿ ತನ್ನ ಕೆಲಸಕ್ಕೆ ಹತ್ತಿದಳು.

ಅವನ ಮನೆ ಮುಟ್ಟಿದಾಗ ಮೂರು ದಾಟಿತ್ತು. ಹನುಮೇಶ ಬೀಗ ತೆಗೆದದ್ದೇ ಚುರುಮುರಿ ಒಳಗೋಡಿತು. ಸುಲಭಾ ಹೊರಗಿನಿಂದಲೇ ಹೊರಡುವವಳಿದ್ದಳು. ಅಷ್ಟರಲ್ಲಿ ಒಳಗೆ ಶುರುವಾಯಿತು. ಕರ್, ಕರ್, ಕರ್.

ಹನುಮೇಶ ಚಿಲಕಕ್ಕೆ ಕೈ ಹಾಕಿದ. ಬಾಗಿಲು ಊದಿಕೊಂಡು ಬಿಗಿಯಾಗಿತ್ತು, ಭುಜ ಕೊಟ್ಟು ನೂಕಿದ. ಒಳಗೆ ಮಂಚ, ಧೂಳು, ಕಿಟಕಿಯಲ್ಲಿ ಸುನಿತಾಳ ಮೀಟರು. ಚುರುಮುರಿ ಮಂಚದ ನಾಲ್ಕೂ ಕಾಲು ಮೂಸಿತು. ಒಮ್ಮೆ ಸಣ್ಣಗೆ ಕುಂಯ್‌ಗುಟ್ಟಿ, ಮಂಚದ ಕೆಳಗಿನ ತಂಪಿನಲ್ಲಿ ಮಲಗಿತು. ಮೂರು ವರ್ಷದ ಕಾವಲು ಮುಗಿಸಿದಂತೆ.

“ಹಂಗಾರ ಅಕಿ ಬರಲೇ ಇಲ್ಲ,” ಎಂದ.

“ಬಂದಿಲ್ಲ,” ಎಂದಳು ಸುಲಭಾ. ಹೇಳುವಾಗ ಅವಳ ಕಣ್ಣೂ ತುಂಬಿತು. “ಆದ್ರ ನಿಮ್ಮ ಕೈ ಮ್ಯಾಲೆ ಭರೋಸಾ ಇಟ್ಟ ಹೋಗ್ಯಾಳ. ಅದು ಖರೇ ಅದ.”

ಇಬ್ಬರೂ ಕೂಡಿ ಕೋಣೆ ಗುಡಿಸಿದರು, ಕಿಟಕಿ ತೆರೆದರು. ಮಾತು ಹೆಚ್ಚಾಗಲಿಲ್ಲ. ಸುನಿತಾಳ ಮೀಟರನ್ನು ಹನುಮೇಶ ಮೆತ್ತಗೆ ಒರೆಸಿ ಮತ್ತೆ ಅಲ್ಲೇ ಇಟ್ಟ.

ಏಳಕ್ಕೆ ಚುರುಮುರಿ ಉಂಡಿತು. ಅವನು ಅಳತೆ ನೋಡಿ ಸಿರಿಂಜ್ ತುಂಬಿದ. ಬಗ್ಗಿದವನು ನಿಂತು, ಅದನ್ನು ಸುಲಭಾಳ ಮುಂದೆ ಹಿಡಿದ.

“ಮುಂಜಾನಿದು ನಾ ಮಾಡತೇನಿ. ಸಂಜೀದು ನೀವು ಮಾಡ್ರಿ.”

ಅವಳಿಗೆ ತಿಳಿಯಿತು, ಆದರೂ ಕಿವಿಯಾರೆ ಕೇಳಬೇಕಿತ್ತು. “ಎಷ್ಟು ದಿನಾ?”

“ಇದು ಇರೋತನಕ.” ಅವನ ಕಿವಿ ಕೆಂಪಾಯಿತು. “ಇದು ಹೋದ ಮ್ಯಾಲೂ ಸಂಜೀಕ ಮನೀಗೇ ಬರ್ರಿ. ನೀವು ಬರದಿದ್ರ ನನಗ ಹೊತ್ತು ಹೋಗೂದಿಲ್ಲ, ಸುಲಭಾ.”

ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ನಾ ಆಕಿ ಜಾಗಾಕ್ಕ ಬರೂದಿಲ್ಲ.”

“ಆ ಜಾಗಾ ಅಕೀದ ಐತಿ. ನಿಮ್ಮದು ಬ್ಯಾರೆ.”

ಸುಲಭಾ ಸಿರಿಂಜ್ ತೆಗೆದುಕೊಂಡಳು. ತೆರೆದಿದ್ದ ಕೋಣೆಯ ಕಡೆ ಒಮ್ಮೆ ನೋಡಿದಳು. ನನ್ನ ಕೈಯೂ ನೋಡಿಕೋ ಅಕ್ಕಾ, ಎಂದಿತು ಮನಸ್ಸು. ಆಮೇಲೆ ಚರ್ಮ ಎತ್ತಿ ಹಿಡಿದು ಮೆತ್ತಗೆ ಚುಚ್ಚಿದಳು.

ಚುರುಮುರಿ ತಿರುಗಿ ಕೂಡ ನೋಡಲಿಲ್ಲ. ಖಾಲಿ ತಟ್ಟೆ ನೆಕ್ಕುತ್ತಲೇ ಇತ್ತು.